ತುಕ್ಕು ಹಿಡಿಸಿದ ಹೊಸ ಗಾಡಿ

ಬಾಯಿ ತೆರೆಯಬೇಕಾದ ಕಡೆ ತೆರೆಯದವನು ನಾನು. ಬೇಡವಾದ ಕಡೆ ನನ್ನ ಬಾಯಿಗೆ ಬಿಡುವೇ ಇಲ್ಲ; ಸಿಂದಗಿಯ ಗ್ಯಾರೇಜು ಸಾಲಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ನನ್ನ ಅಣ್ಣನ ಸಂಬಂಧ ಮುರಿದು ಬೀಳುತ್ತಿದ್ದ ಬೆಳಿಗ್ಗೆ ಒಂದೇ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ನಾನು ಹಿಡಿದದ್ದು ಲಾರಿಗಳಿಗೆ ಬಣ್ಣ ಹೊಡೆಯುವ ಕುಂಚ. ಹಣೆಗೆ ದೇವರ ಹೆಸರು, ಬಾಗಿಲಿಗೆ ಕಮಲ, ಹಿಂದೊಂದು ನವಿಲು. ಹಳೆಯದನ್ನು ಹೊಸದು ಮಾಡಿಯೇ ಹತ್ತು ವರ್ಷ ಹೊಟ್ಟೆ ಹೊರೆದೆ. ಅಷ್ಟರಲ್ಲಿ ಇಂಡಿ ರಸ್ತೆಯ ಧಾಬಾದವನೊಬ್ಬ ಪುಣೆಯಲ್ಲಿ ಏನನ್ನೋ ಕಂಡು ಬಂದು, ತನ್ನ ಹೊಸ ಟ್ರಕ್ಕನ್ನು ಮೂವತ್ತು ವರ್ಷ ಮಳೆಯಲ್ಲಿ ನಿಂತಂತೆ ಮಾಡಿಕೊಡು ಎಂದ. ಈಗ ಅದೇ ಫ್ಯಾಶನ್ನಂತೆ. ಅವನ ತಲೆ ಕೆಟ್ಟಿದೆ ಅಂದುಕೊಂಡೆ. ಆಮೇಲೆ ನನ್ನದೇ ಕೆಟ್ಟಿತು. ಬಣ್ಣ ಕೆರೆದು, ಉಪ್ಪುನೀರು ಸವರಿ, ಬಿಸಿಲಿಗೆ ಬಿಟ್ಟು, ಎದ್ದ ತುಕ್ಕಿನ ಮೇಲೆ ವಾರ್ನಿಶ್ ಎಳೆದೆ. ಜನ ನಿಂತು ನೋಡಿದರು. ಅವ್ವನ ಟ್ರಂಕು ಕಂಡರೂ ಉಪ್ಪು ಸವರುವ ಮನಸ್ಸಾಗತೊಡಗಿತು.

ಆಗಲೇ ಅಣ್ಣ ಕಡುನೀಲಿ ಬಣ್ಣದ ಹೊಸ ಟ್ರಕ್ಕು ಕೊಂಡಿದ್ದ. ಬಾಗೇವಾಡಿಯಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಮನೆ ನೋಡುವುದೆಂದರೆ ನಮ್ಮಲ್ಲಿ ದನ, ಬಣವೆ, ಗಾಡಿ ಎಲ್ಲವನ್ನೂ ಮುಟ್ಟಿ ನೋಡುವುದು. "ಅವ್ವನ ಹೆಸರು ಬರಿ, ಅಷ್ಟ ಸಾಕು" ಎಂದು ಗಾಡಿ ನನ್ನ ಬಳಿ ಬಿಟ್ಟು ಅಣ್ಣ ಮುದ್ದೇಬಿಹಾಳಕ್ಕೆ ಹೋದ. ಹೆಸರು ಬರೆದೆ. ಕೈ ಅಲ್ಲಿಗೇ ನಿಲ್ಲಲಿಲ್ಲ. ಅಣ್ಣನ ಗಾಡಿ ಧಾಬಾದವನದಕ್ಕಿಂತ ಕಡಿಮೆ ಕಾಣಬಾರದೆಂದು, ಬರೀ ಪ್ರೀತಿಯಿಂದ, ಮೂರು ದಿನ ಕೆರೆದು, ಉಪ್ಪುನೀರು ಸವರಿ ತುಕ್ಕು ಹಿಡಿಸಿ, ಗಾಡಿಯನ್ನು ಮನೆಯಂಗಳಕ್ಕೆ ತಂದು ನಿಲ್ಲಿಸಿದೆ. ಅಣ್ಣ ಬಸ್ಸಿಳಿದು ಬರುವುದಕ್ಕೂ ಹೆಣ್ಣಿನ ಕಡೆಯವರು ಅಂಗಳಕ್ಕೆ ಕಾಲಿಡುವುದಕ್ಕೂ ಸರಿಹೋಯಿತು.

ಹುಡುಗಿಯ ಸೋದರಮಾವ ಗಾಡಿಗೆ ಒಂದು ಸುತ್ತು ಹಾಕಿದರು.

"ಹೊಸಾ ಗಾಡಿ ಅಂದಿದ್ರೆಲ್ಲ?"

"ಹೊಸಾದ ಐತ್ರಿ. ಹಳೇದ ಕಾಣೂಹಂಗ ಮಾಡ್ಯಾರ" ಎಂದಳು ಅವ್ವ, ಸೆರಗು ಎಳೆದುಕೊಳ್ಳುತ್ತ.

"ಹಳೇದಕ್ಕ ಬಣ್ಣಾ ಹಚ್ಚಿ ಹೊಸಾದು ಅನ್ನಾವ್ರನ್ನ ಕಂಡೇನಿ. ಇದ್ಯಾವ ಪದ್ಧತಿರಿ? ನಮ್ಮ ಹುಡುಗಿ ಬಂದ ಮರುದಿನಾ ಆಕಿನ್ನೂ ಹಿಂಗ ಮಾಡಾವ್ರೇನು?"

ಜೊತೆಯವರು ನಕ್ಕರು. "ಯಾವ ಶಾಣ್ಯಾ ಮಾಡ್ಯಾನಿದನ್ನ?"

ನನ್ನ ಉಗುರುಗಳಲ್ಲಿ ಇನ್ನೂ ತುಕ್ಕಿತ್ತು. ಕೈಗಳನ್ನು ಕಿಸೆಗೆ ಇಳಿಸಿದೆ. ಅಣ್ಣ ಒಮ್ಮೆ ನನ್ನ ಕಡೆ ನೋಡಿ, "ನಾನ ಹೇಳಿ ಮಾಡಿಸೇನ್ರಿ. ನನಗ ಹಿಂಗ ಸೇರ್ತೈತಿ" ಎಂದ.

"ಹಂಗಾದ್ರ ನಿಮ್ಮ ತಲಿ ನಮಗ ಸೇರೂದಿಲ್ಲ ಬಿಡ್ರಿ" ಎಂದು ಸೋದರಮಾವ ಚಹಾ ಮುಟ್ಟದೆ ಹೊರಟರು.

ಆ ಹುಡುಗಿಯನ್ನು ದೇವಣಗಾಂವದವರು ಮಾಡಿಕೊಂಡರು. ಅಣ್ಣ ಗಾಡಿಯ ಬಣ್ಣ ಬದಲಿಸಲಿಲ್ಲ. ಬದಲಿಸಿದರೆ ಅವನಾಡಿದ್ದು ಸುಳ್ಳೆಂದು ಊರಿಗೆ ತಿಳಿದು, ಬಯ್ಗುಳ ನನ್ನ ಪಾಲಿಗೆ ಬರುತ್ತಿತ್ತು. ಎರಡು ವರ್ಷ ಅದರಲ್ಲೇ ಇಂಡಿಯ ನಿಂಬೆಹಣ್ಣು ಸಾಗಿಸಿದ. ಆಮೇಲೆ ಹೆಣ್ಣು ಕೊಡಲು ಬಂದ ಇನ್ನಿಬ್ಬರೂ ಗಾಡಿ ನೋಡಿಯೇ ತಿರುಗಿದರು. ನಾನು ಮಾತ್ರ ಚಹಾದಂಗಡಿಯಲ್ಲಿ ಫ್ಯಾಶನ್ನಿನ ಬಗ್ಗೆ ಭಾಷಣ ಬಿಗಿಯುತ್ತಲೇ ಇದ್ದೆ.

ಮೊನ್ನೆ ಅಣ್ಣ ಗ್ಯಾರೇಜಿಗೆ ಬಂದು ಗಾಡಿಯ ಬಾಗಿಲ ಬುಡಕ್ಕೆ ಬೆರಳಿಟ್ಟ. ಬೆರಳು ತಗಡನ್ನು ತೂರಿ ಒಳಗೆ ಹೋಯಿತು.

"ನೋಡಪಾ ತಮ್ಮಾ, ಇದು ನೀ ಹಿಡಿಸಿದ್ದೋ, ತಾನ ಹಿಡಿದದ್ದೋ?"

ಕುಕ್ಕರಗಾಲಲ್ಲಿ ಕೂತು ನೋಡಿದೆ. ಬಲ್ಲ ಒಂದೇ ವಿದ್ಯೆಯೂ ಕೈಕೊಟ್ಟಿತು, ತಿಳಿಯಲಿಲ್ಲ. ತಲೆಯೆತ್ತಿದರೆ ಅಣ್ಣನ ಕಿವಿಯ ಮೇಲೆ ನಾಲ್ಕಾರು ಬಿಳಿ ಕೂದಲು. ಅವು ಮಾತ್ರ ಅಸಲಿ ಎಂದು ತಿಳಿಯಲು ವಿದ್ಯೆ ಬೇಕಿರಲಿಲ್ಲ.

"ಅಣ್ಣಾ, ತಪ್ಪಾತು" ಎಂದೆ. "ಅವ್ರು ಹೊಂಟಾಗ ನಾ ಓಡಿಹೋಗಿ ಅಡ್ಡ ನಿಂತು, ಮಾಡಿದಾಂವ ನಾನ ಅನ್ನಬೇಕಿತ್ತು. ನಿನ್ನ ಹಿಂದ ಅಡಗಿ ನಿಂತ್ನಿ. ಮಾಫ್ ಮಾಡು."