ಮೆದು ಹವಳದ ಸಾರು

ಕಡಲು ಕಾಣದ ಊರಿನವನು ಕಡಲಿನ ಜೀವಿಯ ಮೇಲೆ ಪಿಎಚ್.ಡಿ. ಮಾಡಬಾರದು. ಈ ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಹೊಳಲ್ಕೆರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಂಡು ನೆಮ್ಮದಿಯಾಗಿ ಇರುತ್ತಿದ್ದೆ. ಹೇಳಿದ್ದರು, ನಿಜ, ನಾನೇ ಕೇಳಲಿಲ್ಲ.

ನನ್ನ ವಿಷಯ ಮೆದು ಹವಳ. ಉಂಗುರಕ್ಕೆ ಕೂರಿಸುವ ಹವಳವಲ್ಲ. ಸಮುದ್ರದ ತಳದ ಬಂಡೆಗೆ ಅಂಟಿಕೊಂಡು, ಥೇಟ್ ಅಣಬೆಯ ಹಾಗೆ ಕೊಡೆ ಬಿಚ್ಚಿ ನಿಂತಿರುವ ಪ್ರಾಣಿ. ಪಾಪ, ಅದಕ್ಕೆ ಮೇಲೆ ಚಿಪ್ಪಿಲ್ಲ, ಓಡಲು ಕಾಲಿಲ್ಲ. ಆದರೂ ಮೀನುಗಳು ಬಾಯಿ ಹಾಕುವುದಿಲ್ಲ, ಏಕೆಂದರೆ ಮೈಯೊಳಗೆ ತಾನೇ ಕಹಿ ರಸಾಯನ ತಯಾರಿಸಿಕೊಂಡಿರುತ್ತದೆ. ಆ ರಸಾಯನವನ್ನು ಇನ್ನೊಮ್ಮೆ ಬೇರ್ಪಡಿಸಿ ತೋರಿಸಿದರೆ ನನ್ನ ಪ್ರಬಂಧ ಮುಗಿದಂತೆ. "ಇದೇ ಕೊನೇ ತುಂಡು ಕಣಯ್ಯ, ಮತ್ತೆ ಸಿಗೋದಿಲ್ಲ" ಎಂದು ಮಂಗಳೂರಿನ ಗೈಡು ಎಚ್ಚರಿಸಿಯೇ ಕೊಟ್ಟಿದ್ದರು. ಥರ್ಮಾಕೋಲ್ ಡಬ್ಬಿಗೆ ಐಸ್ ತುಂಬಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ. ಪಕ್ಕದವನು "ಮೀನೇನ್ರಿ? ಕೇಜಿ ಹೆಂಗೆ?" ಎಂದು ಕೇಳುತ್ತಲೇ ಇದ್ದ. ಕಾಲೇಜಿನ ಫ್ರಿಜ್ ಕೆಟ್ಟು ಕೂತಿತ್ತು. ಮನೆಯ ಫ್ರೀಜರಿನಲ್ಲಿಟ್ಟು, ಪರೀಕ್ಷೆ ಡ್ಯೂಟಿಗೆಂದು ಹೊಸದುರ್ಗಕ್ಕೆ ಹೋದೆ.

ಅವತ್ತೇ ತಾಳ್ಯದಿಂದ ನಮ್ಮವ್ವ ಬಂದಿದ್ದಳು. ಮಳೆ ಬಿದ್ದರೆ ಸಾಕು, ಹುತ್ತದ ಸುತ್ತ ಅಣಬೆ ಹುಡುಕಿಕೊಂಡು ಹೋಗುವವಳು ಅವಳು.

ಸಂಜೆ ಬಾಗಿಲು ತೆಗೆದರೆ ಸಾರಿನ ಘಮ. "ಲೇ, ಎಂಥಾ ಅಣಬೆ ತಂದಿಟ್ಟೀಯಪ್ಪ? ಬೆಳ್ಳುಳ್ಳಿ ಹಾಕಿ ನೋಡ್ದೆ, ಕರ್ರಗಾಗ್ಲಿಲ್ಲ. ವಿಷ ಇಲ್ಲ ಅಂತ ಸಾರು ಮಾಡ್ದೆ. ನಾಲಿಗೆಗೆ ಇಟ್ರೆ, ಥೂ! ಉಗುಳಿ ಬಾಯಿ ತೊಳ್ಕಂಡೆ. ಹಿತ್ಲಲ್ಲಿ ಪಕ್ಕದ್ಮನೆ ಮೇಕೆ ಮುಂದೆ ಸುರಿದ್ರೆ ಅದೂ ಮೂಸಿ ಮುಖ ತಿರುಗಿಸ್ಕಂತು!"

ಆ ಮೇಕೆ ಮೊನ್ನೆ ನನ್ನ ಬನಿಯನ್ ತಿಂದಿತ್ತು. ಅದೇ ಬೇಡವೆಂದರೆ ನನ್ನ ಸಿದ್ಧಾಂತ ಸರಿ ಎಂದಾಯಿತಲ್ಲ ಎಂದು ಒಂದು ಗಳಿಗೆ ಹೆಮ್ಮೆಯಾಯಿತು. ಮರುಗಳಿಗೆ ಹಿತ್ತಲಿಗೆ ಓಡಿದೆ. ಮೇಕೆಯ ಅಭಿಪ್ರಾಯವನ್ನು ಯಾವ ವಿಶ್ವವಿದ್ಯಾಲಯ ಒಪ್ಪುತ್ತದೆ? ಹಿತ್ತಲ ಮಣ್ಣಿನಲ್ಲಿ ಖಾರದಪುಡಿ ಮೆತ್ತಿಕೊಂಡು ಬಿದ್ದಿದ್ದ ನನ್ನ ಡಾಕ್ಟರೇಟನ್ನು ಕಾಗೆ ಕೂಡ ಮುಟ್ಟಿರಲಿಲ್ಲ. ಅಳು ಬಂದುಬಿಟ್ಟಿತು.

ಅವ್ವ ಗಾಬರಿಯಾಗಿ ಬೆನ್ನು ಸವರಿದಳು. "ಹೋಗ್ಲಿ ಬಿಡಪ್ಪ, ಒಂದು ಅಣಬೆಗೆ ಯಾರಾರ ಅಳ್ತಾರ? ಇನ್ನೊಂದ್ಸಲ ತರೋವಾಗ ಎಳೇದು ನೋಡಿ ತಾ. ಇದು ಬಲ್ತಿತ್ತು."

ಮೆದು ಮೈಯವರು ಬದುಕಬೇಕಾದರೆ ಒಳಗೊಂದಿಷ್ಟು ಕಹಿ ಇಟ್ಟುಕೊಂಡಿರಬೇಕು ಎಂದು ಪ್ರಬಂಧದ ತುಂಬ ಬರೆದಿದ್ದ ನಾನು, ಕಣ್ಣೊರೆಸಿಕೊಂಡು, "ಆಗ್ಲವ್ವ" ಎಂದೆ.