ಒಂದು ಗೇಣು ಎತ್ತರದ ಪದ

ಎದುರುಗಡೆ ಕಟ್ಟಡದವನು ಬೋರ್ಡು ಹಾಕಿಸಿದ್ದೇ ಎಲ್ಲಕ್ಕೂ ಮೂಲ. ಬೆಳಿಗ್ಗೆ ಯಜಮಾನರು ಕಾರಿನಿಂದ ಇಳಿದವರೇ ಅದನ್ನು ಓದಿದರು: ‘ಟವರಿಂಗ್ ಹೋಮ್ಸ್’. ಓದಿ, ಕಾಫಿ ಕೂಡ ಕೇಳದೆ ನಿಘಂಟಪ್ಪನನ್ನು ಕರೆಸಿದರು.

ನಿಘಂಟಪ್ಪ ಅವನ ನಿಜವಾದ ಹೆಸರಲ್ಲ. ಮನೆ ಕಟ್ಟಿ ಮಾರುವ ಯಜಮಾನರ ಕಚೇರಿಯಲ್ಲಿ ಅವನು ಗುಮಾಸ್ತ. ಯಾರು ಯಾವ ಇಂಗ್ಲಿಷ್ ಪದ ಆಡಿದರೂ ತಿದ್ದುತ್ತಿದ್ದ. ತಿದ್ದಿಸಿಕೊಂಡವರು ಸೇಡಿಗೆ ಆ ಹೆಸರಿಟ್ಟಿದ್ದರು. ಅವನು ಅದನ್ನು ಬಿರುದು ಎಂದುಕೊಂಡಿದ್ದ.

“ಅವನು ಟವರಿಂಗ್ ಅಂದಿದ್ದಾನೆ,” ಎಂದರು ಯಜಮಾನರು. “ನಮ್ಮ ಹೊಸ ಕಟ್ಟಡದ ಹೆಸರಿಗೂ ಅದೇ ಅರ್ಥ ಬೇಕು. ಆದ್ರೆ ಅವನ ಪದಕ್ಕಿಂತ ಒಂದು ಗೇಣು ಎತ್ತರ ಇರಬೇಕು. ಪದ ಇಂಗ್ಲಿಷಿರಲಿ, ಅಕ್ಷರ ಕನ್ನಡದಲ್ಲಿರಲಿ, ಎಲ್ರಿಗೂ ಓದಕ್ಕೆ ಬರಬೇಕಲ್ಲ. ನಾನು ಊರಾಚೆ ಸೈಟ್ ನೋಡಿ ಐದು ಗಂಟೆಗೆ ಬರ್ತೀನಿ. ಅಷ್ಟೊತ್ತಿಗೆ ಬೋರ್ಡ್ ಮೇಲಿರಬೇಕು. ಇಲ್ಲಾಂದ್ರೆ ನಾಳೆಯಿಂದ ನೀವು ಮನೇಲೇ ಕೂತು ನಿಧಾನಕ್ಕೆ ಹುಡುಕಿ.”

ನಿಘಂಟಪ್ಪ ಸಮಾನಾರ್ಥಕಗಳ ದಪ್ಪ ಪುಸ್ತಕ ತೆಗೆದ. ಬೆಲ್ಲ ಕಂಡ ನೊಣಗಳ ಹಾಗೆ ಟೈಪಿಸ್ಟ್ ಮೇಡಮ್ಮೂ ಸ್ಟೋರ್ ಕೀಪರೂ ಬಂದು ಮೇಜು ಮುತ್ತಿದರು.

“ಲಾಫ್ಟಿ,” ಎಂದು ಓದಿದ.

“ಲಾಫ್ಟ್ ಅಂದ್ರೆ ಅಟ್ಟ ಅಲ್ವಾ ಸರ್?” ಎಂದರು ಮೇಡಂ. “ಹಳೇ ಪಾತ್ರೆ ಇಡೋ ಜಾಗಕ್ಕೆ ಯಾರು ಬಂದು ಸಂಸಾರ ಹೂಡ್ತಾರೆ?”

“ಎಲಿವೇಟೆಡ್.”

“ಬೇಡಪ್ಪಾ,” ಎಂದ ಸ್ಟೋರ್ ಕೀಪರ್. “ಡಾಕ್ಟ್ರು ನನ್ನ ಸಕ್ಕರೆ ಎಲಿವೇಟೆಡ್ ಅಂತ ಚೀಟೀಲಿ ಬರೆದವ್ರೆ. ಮನೆ ನೋಡಿದ್ರೆ ಮಾತ್ರೆ ನೆನಪಾಗಬಾರದು.”

“ಸ್ಕೈ-ಹೈ?”

“ಅದು ಕರೆಂಟ್ ಬಿಲ್‌ಗೆ ಅನ್ನೋದು,” ಎಂದರು ಇಬ್ಬರೂ ಒಟ್ಟಿಗೆ.

ಹನ್ನೊಂದು ಗಂಟೆಗೆ ನಿಘಂಟಪ್ಪನ ಬೆರಳು ಒಂದು ಪದದ ಮೇಲೆ ನಿಂತಿತು. ‘ಸೋರಿಂಗ್’. ರೆಕ್ಕೆ ಬಿಚ್ಚಿ ಮುಗಿಲಿಗೇರುವುದು. ಹದ್ದಿಗೂ ಸಲ್ಲುತ್ತದೆ, ಗೋಪುರಕ್ಕೂ ಸಲ್ಲುತ್ತದೆ. ಅವನ ಕಣ್ಣು ತೇವವಾಯಿತು. ಕೂಡಲೇ ಪೇಂಟರನಿಗೆ ಫೋನು ಮಾಡಿದ.

ಪೇಂಟರ್ ಆ ಪದವನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ, “ಸಾರ್, ಸೋರಿಂಗ್ ಅಂತ ಬರೆದ್ರೆ ಜನ ಏನಾದ್ರೂ...” ಎಂದ.

“ನಿನಗೆ ಇಂಗ್ಲಿಷ್ ಬರತ್ತಾ?”

“ಇಲ್ಲ ಸಾರ್.”

“ಮತ್ತೆ? ಹೇಳಿದ್ದು ಬರಿ. ಕೆಳಗೆ ನನ್ನ ನಂಬರ್ ಹಾಕು.”

ಎರಡು ಗಂಟೆಗೆ ಬೋರ್ಡು ಹೊಸ ಕಟ್ಟಡದ ಆರನೇ ಮಹಡಿಯ ನೆತ್ತಿಗೆ ಏರಿತು. ‘ಸೋರಿಂಗ್ ಹೋಮ್ಸ್. ಮೇಲಿನಿಂದ ಕೆಳಗಿನವರೆಗೂ ಒಂದೇ ಗುಣಮಟ್ಟ. ಕೂಡಲೇ ಕರೆ ಮಾಡಿ.’

ಎರಡೂ ಹತ್ತಕ್ಕೆ ಮೊದಲ ಕರೆ ಬಂತು. ಯಾರೋ ಅಜ್ಜಿ.

“ಸೋರೋದಕ್ಕೆ ನೀವೇನಪ್ಪಾ?”

“ಸೋರೋದಲ್ಲ ಅಮ್ಮಾ, ಸೋರಿಂಗ್.”

“ಹಾಂ, ಅದೇ. ನಮ್ಮ ಬಚ್ಚಲಮನೇಲಿ ಎರಡು ವರ್ಷದಿಂದ ಸೋರಿಂಗು.”

“ಅಮ್ಮಾ, ಸೋರಿಂಗ್ ಅಂದ್ರೆ ಮೇಲಕ್ಕೆ ಹೋಗೋದು.”

“ನಮ್ಮದು ಕೆಳಕ್ಕೇ ಬರತ್ತಪ್ಪ. ಅದಕ್ಕೇನಾದ್ರೂ ಬೇರೆ ನಂಬರಾ?”

ಫೋನಿಟ್ಟ. ಇಡುವಷ್ಟರಲ್ಲಿ ಮತ್ತೆ ಹೊಡೆದುಕೊಂಡಿತು. ಅಡುಗೆಮನೆ ಸೋರುವವರು, ಮಾಳಿಗೆ ಸೋರುವವರು, ಗೋಡೆ ಬೆವರುವವರು. ನಡುವೆ ಮನೆ ಬುಕ್ ಮಾಡಿದ್ದ ಒಬ್ಬರು: “ಸೋರತ್ತೆ ಅಂತ ಬೋರ್ಡಲ್ಲಿ ಹಾಕೋ ಬದಲು ಬುಕ್ ಮಾಡೋವಾಗಲೇ ಹೇಳಬಾರದಿತ್ತೇನ್ರೀ?”

ಆಗ ನಿಘಂಟಪ್ಪನಿಗೆ ಅರ್ಥವಾಯಿತು. ಫೋನನ್ನು ಮೇಡಂ ಕೈಗೆ ತುರುಕಿ, “ಯಾರೇ ಮಾಡಿದ್ರೂ ಹೆಸರು ಬರೆದುಕೊಳ್ಳಿ, ಇಟ್ಟುಬಿಡಿ!” ಎಂದು ಕಟ್ಟಡಕ್ಕೆ ಓಡಿದ.

ಪೇಂಟರ್ ಇನ್ನೂ ಅಲ್ಲೇ ಕುಂಚ ತೊಳೆಯುತ್ತಿದ್ದ. “ಅಳಿಸು” ಎಂದ ನಿಘಂಟಪ್ಪ.

“ಆಯಿಲ್ ಪೇಂಟು ಸಾರ್. ಒಣಗದೆ ಕೈ ಇಟ್ರೆ ಎಲ್ಲಾ ಸೇರಿ ಎಮ್ಮೆ ಥರ ಕಾಣ್ತದೆ. ನಾಳೆ ಬಿಳಿ ಹೊಡೀತೀನಿ.”

“ನಾಳೆ ನಾನಿರಲ್ಲ ಕಣಯ್ಯಾ!”

ಸ್ಟೋರ್ ಕೀಪರನಿಂದ ಒಂದು ಟಾರ್ಪಾಲು ತರಿಸಿ ಬೋರ್ಡಿಗೆ ಹೊದಿಸಿದರು. ಟಾರ್ಪಾಲು ಗಿಡ್ಡವಾಯಿತು. ‘ಸೋರಿಂಗ್’ ಹೊರಗೇ ಉಳಿದು ಮಿಕ್ಕದ್ದು ಮುಚ್ಚಿಕೊಂಡಿತು. ಕೆಳಗೆ ಆಗಲೇ ಹತ್ತಾರು ಜನ ಕತ್ತೆತ್ತಿ ನಿಂತಿದ್ದರು.

“ನೋಡ್ರೀ, ಪಾಪ, ಎಷ್ಟು ಸೋರತ್ತೋ!” ಎಂದ ಒಬ್ಬ. “ಗೃಹಪ್ರವೇಶಕ್ಕೆ ಮುಂಚೆನೇ ಟಾರ್ಪಾಲ್ ಹಾಕಿದ್ದಾರೆ.”

ನಿಘಂಟಪ್ಪ ಮತ್ತೆ ಕಚೇರಿಗೆ ಬಂದು ಕುರ್ಚಿಯಲ್ಲಿ ಕುಸಿದ. ನಾಲ್ಕೂವರೆ. ಮೇಡಂ ಒಂದು ಕಿವಿಗೆ ಫೋನು ಒತ್ತಿಕೊಂಡು ಬರೆಯುತ್ತಲೇ ಬುದ್ಧಿ ಹೇಳಿದರು. “ಯಜಮಾನ್ರು ಬರೋ ಮುಂಚೆ ನಿಮ್ಮ ತಪ್ಪೇನಿಲ್ಲ ಅಂತ ಒಂದು ಕಾಗದ ಬರೆದು ಇಟ್ಟುಬಿಡಿ ಸರ್. ಮೊದಲು ಬರೆದವರದೇ ನಿಜ ಆಗೋದು.”

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಪೇಂಟರನ ಮುಖ ಒಮ್ಮೆ ಕಣ್ಣ ಮುಂದೆ ಬಂತು. ಹೆಂಡತಿ ಮಕ್ಕಳ ಮುಖಗಳು ಅದನ್ನು ಪಕ್ಕಕ್ಕೆ ತಳ್ಳಿದವು. ನಿಘಂಟಪ್ಪ ಬರೆದ: ‘ಬೋರ್ಡಿನ ಮೇಲಿನ ಪದ, ಅದರ ಹಿಂದಿನ ಯೋಚನೆ, ಅದರಿಂದಾದ ಪರಿಣಾಮ, ಮೂರೂ ಸಂಪೂರ್ಣವಾಗಿ ಪೇಂಟರನವು. ನನಗೂ ಅದಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ. ನಾನು ಮೊದಲಿನಿಂದಲೂ ವಿರೋಧಿಸಿದ್ದೆ.’ ಸಹಿ ಹಾಕಿ ತಾರೀಖನ್ನೂ ಬರೆದು ಯಜಮಾನರ ಮೇಜಿನ ಮೇಲಿಟ್ಟ.

ಐದಕ್ಕೆ ಯಜಮಾನರು ಬಂದರು. ಬೋರ್ಡು ನೋಡಿಯೇ ಬಂದಿದ್ದರು; ಮುಖ ಒಲೆಯ ಮೇಲಿನ ಕಾವಲಿಯಂತಿತ್ತು. ಕಾಗದ ಓದಿದರು. ಮೇಡಂ ಬರೆದ ಪಟ್ಟಿ ಓದಿದರು. ಹಾಳೆ ಮಗುಚಿ ಮತ್ತೆ ಓದಿದರು.

“ಇದೇನಮ್ಮಾ ಇಷ್ಟು ಹೆಸರು?”

“ಎಪ್ಪತ್ತಮೂರು ಮನೆ ಸರ್, ಎರಡು ಶಾಲೆ, ಒಂದು ಆಸ್ಪತ್ರೆ. ಎಲ್ಲರದೂ ಸೋರತ್ತಂತೆ. ಬೇಗ ಬಂದು ರಿಪೇರಿ ಮಾಡಿ ಅಂತಿದ್ದಾರೆ.”

“ಪೇಂಟರನ್ನ ಕರೀರಿ.”

ಪೇಂಟರ್ ಬಂದು ಕೈಕಟ್ಟಿ ನಿಂತ. ನಿಘಂಟಪ್ಪ ಕಿಟಕಿಯಾಚೆ ನೋಡತೊಡಗಿದ.

“ಇಪ್ಪತ್ತು ವರ್ಷದಿಂದ ಮನೆ ಕಟ್ತಿದ್ದೀನಿ,” ಎಂದರು ಯಜಮಾನರು. “ಒಂದೇ ಮಧ್ಯಾಹ್ನ ಇಷ್ಟು ಜನ ತಾವಾಗೇ ನನ್ನ ಹುಡುಕಿಕೊಂಡು ಬಂದಿದ್ದು ಇದೇ ಮೊದಲು. ಕಟ್ಟೋರು ಬೀದಿಗೊಬ್ಬರಿದ್ದಾರೆ ಕಣಯ್ಯಾ, ಸೋರೋದು ನಿಲ್ಲಿಸೋರೇ ಇಲ್ಲ! ನಾಳೆಯಿಂದ ಸೋರಿಕೆ ರಿಪೇರಿಗೆ ಬೇರೆ ವಿಭಾಗ. ನೀನೇ ಮ್ಯಾನೇಜರ್.”

ಪೇಂಟರ್ ಬಾಯಿ ಬಿಟ್ಟ. ನಿಘಂಟಪ್ಪ ಅವನಿಗಿಂತ ಅಗಲವಾಗಿ ಬಿಟ್ಟ.

“ಸರ್, ಆ ಪದ... ನಿಜ ಹೇಳಬೇಕು ಅಂದ್ರೆ, ಹುಡುಕಿದ್ದು ನಾನೇ.”

ಯಜಮಾನರು ಕಾಗದವನ್ನು ಅವನ ಮೂಗಿನ ಹತ್ತಿರ ಹಿಡಿದರು. “ಇದು ನಿಮ್ಮ ಸಹಿ ತಾನೆ?”

“ಹೌದು ಸರ್.”

“ಎಳ್ಳಷ್ಟೂ ಸಂಬಂಧ ಇಲ್ಲ ಅಂದೋರು ನೀವೇ ತಾನೆ? ಮೊದಲಿನಿಂದಲೂ ವಿರೋಧ ಬೇರೆ! ಇಂಥ ಒಳ್ಳೇ ಯೋಚನೆಗೆ ಅಡ್ಡ ಬಂದೋರನ್ನ ನಾನು ಯಾಕ್ರೀ ಇಟ್ಕೋಬೇಕು?”

ಪೇಂಟರನಿಗೆ ಮರುಕ ಹುಟ್ಟಿತು. ಒಳ್ಳೆಯ ಮನುಷ್ಯ.

“ಬಿಡಿ ಸಾರ್, ಮಕ್ಕಳೊಂದಿಗರು,” ಎಂದ. “ನನ್ನ ವಿಭಾಗಕ್ಕೇ ಕೊಡಿ. ಏಣಿ ಹಿಡಿಯಕ್ಕೆ ಒಬ್ಬರು ಬೇಕಾಗ್ತಾರೆ.”