ನೆಲಕ್ಕಿಳಿದ ಏರ್ ಮಾರ್ಷಲ್

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಅರ್ಜಿ ಇಷ್ಟೇ ಕೆಲಸ. ಆದರೂ ನಗುವ ಸಂಗತಿಗಳು ಹೇಗೋ ವಿಳಾಸ ಕೇಳಿಕೊಂಡು ನನ್ನ ಬಾಗಿಲಿಗೇ ಬರುತ್ತವೆ. ಎರಡು ವರ್ಷದ ಹಿಂದೆ ಒಬ್ಬ ನಿವೃತ್ತ ಏರ್ ಮಾರ್ಷಲ್ ಜೊತೆ ಬಂದವು. ನಮ್ಮ ಓಣಿಯವರೇ, ಜನ ಅವರನ್ನು 'ಜನರಲ್ ಸಾಹೇಬ್ರು' ಅನ್ನುತ್ತಿದ್ದರು. ತಮ್ಮ ಜೀವನದ ಕಥೆ ಟೈಪ್ ಮಾಡಿಸಲು ದಿನಾ ಸಂಜೆ ಬಂದು ಕೂರುವರು. ಒಂದು ವಾಕ್ಯ ಹೇಳುವರು, ಆಮೇಲೆ ಬಾಗಿಲಾಚೆ ಬಣ್ಣ ಬದಲಿಸುವ ಮೋಡಗಳನ್ನು ನೋಡುತ್ತ ಎಲ್ಲೋ ಹೋಗಿಬಿಡುವರು. ಅವರು ಮರಳಿ ಬರುವಷ್ಟರಲ್ಲಿ ನನ್ನ ಚಹಾ ಆರಿರುತ್ತಿತ್ತು.

೧. ಇಳಿಸಿದ್ದು

"ಬರಿ. ಅವತ್ತು ಒಂದೇ ಮಾತಿನಾಗ ಅಷ್ಟೂ ವಿಮಾನ ನೆಲಕ್ಕ ಇಳಿಸಿದೆ."

ನನಗೆ ರೋಮಾಂಚನ. "ಶತ್ರುಗಳದ್ದೇನ್ರಿ?"

"ಅಲ್ಲಪ್ಪ, ನಮ್ಮವೇ."

ಹಳೆಯ ವಿಮಾನಗಳು. ಅವು ಬಿದ್ದು ಇಬ್ಬರು ಪೈಲಟ್ ಹುಡುಗರು ತೀರಿಹೋಗಿದ್ದರಂತೆ. ಸರಿಯಾಗುವ ತನಕ ಯಾರೂ ಹಾರಬಾರದು ಅಂತ ಇವರು ಆದೇಶ ಕೊಟ್ಟು, ಮೇಲಿನವರಿಗೆ ಖಾರವಾಗಿ ಕಾಗದ ಬರೆದರು. ಅದು ಪತ್ರಿಕೆಗಳ ಕೈಗೆ ಸಿಕ್ಕಿತು. ಅರ್ಧ ದೇಶ ಶೂರ ಅಂದಿತು, ಅರ್ಧ ದೇಶ ದ್ರೋಹಿ ಅಂದಿತು.

"ಮುಂದ ಏನಾತ್ರಿ?"

"ವಿಮಾನ ರಿಪೇರಿ ಆದ್ವು, ಮ್ಯಾಲ ಹೋದ್ವು. ನನ್ನನ್ನ ಕೆಳಗ ಇಳಿಸಿದ್ರು."

೨. ಬಿರುದು

ಸಂಡೂರಿನ ಕಡೆಯ ಒಂದು ಶಾಲೆಗೆ ಅವರು ಮುಖ್ಯ ಅತಿಥಿ. ಹೆಡ್‌ಮಾಸ್ತರರು ಮೊಬೈಲಿನಲ್ಲಿ ಹುಡುಕಿದರೆ ಪ್ರತಿ ಸುದ್ದಿಯಲ್ಲೂ ಹೆಸರಿನ ಹಿಂದೆ 'ವಿವಾದಾತ್ಮಕ' ಅಂತ ಇತ್ತು. ಹೆಡ್‌ಮಾಸ್ತರರು ಅದನ್ನು ಯಾವುದೋ ಪದಕ ಅಂದುಕೊಂಡರು. ನಾನೂ ಅವರು ಬರೆದುಕೊಟ್ಟಿದ್ದನ್ನು ಹಾಗೇ ದಪ್ಪ ಅಕ್ಷರದಲ್ಲಿ ಬ್ಯಾನರ್ ಮಾಡಿದೆ: 'ಸುಪ್ರಸಿದ್ಧ ವಿವಾದಾತ್ಮಕ ಏರ್ ಮಾರ್ಷಲ್ ಅವರಿಗೆ ಸ್ವಾಗತ.'

ಭಾಷಣ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದಳು. "ಸರ್, ವಿವಾದಾತ್ಮಕ ಆಗಬೇಕಂದ್ರ ಏನ್ ಓದಬೇಕ್ರಿ?"

ಸಾಹೇಬರು ಕಿಟಕಿಯಾಚೆ ಮಂಜು ಹೊದ್ದ ಕೆಂಪು ಗುಡ್ಡಗಳನ್ನು ಬಹಳ ಹೊತ್ತು ನೋಡಿದರು.

"ಓದೋದೇನ್ ಬ್ಯಾಡವ್ವ. ಇದ್ದದ್ದು ಇದ್ದಂಗ ಒಂದು ಕಾಗದ ಬರದ್ರ ಸಾಕು."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಹೆಡ್‌ಮಾಸ್ತರರು.

೩. ಹರಿಗೋಲು

ಒಂದು ಮುಂಜಾನೆ ಹಂಪಿಯಲ್ಲಿ ಹರಿಗೋಲು ಹತ್ತಿದೆವು. ಹೊಳೆ, ಬಂಡೆ, ಮುಗಿಲು ಎಲ್ಲ ಒಂದೇ ಬೂದು ಬಣ್ಣ. ನೀರಿನ ಮೇಲಿದ್ದೇವೋ ಮೋಡದ ಮೇಲಿದ್ದೇವೋ ತಿಳಿಯದು. ಕಂಪ್ಲಿ ಕಡೆಯ ಅಂಬಿಗ ಖುಷಿಗೆಂದು ಹರಿಗೋಲನ್ನು ಗರಗರ ತಿರುಗಿಸಿದ. ಶಬ್ದಕ್ಕಿಂತ ವೇಗವಾಗಿ ಹಾರಿದ್ದ ನಮ್ಮ ಸಾಹೇಬರು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

"ನಿಲ್ಲಸೋ! ನಮ್ಮ ವಿಮಾನದಾಗ ಅಪಾಯ ಬಂದ್ರ ಒಂದು ಹಿಡಿಕಿ ಇತ್ತು. ಎಳದ್ರ ಸೀಟಿನ ಸಮೇತ ಮ್ಯಾಲ ಹೋಗ್ತಿದ್ವಿ."

"ಇಲ್ಲಿ ಏನೂ ಎಳಿಯೋದು ಬ್ಯಾಡ್ರಿ," ಅಂದ ಅಂಬಿಗ. "ಸುಮ್ನ ಎದ್ದು ನಿಂತ್ರ ಸಾಕು, ಮ್ಯಾಲ ಹೋಗ್ತೀರಿ."

೪. ಕೊನೆಯ ಅಧ್ಯಾಯ

ಆ ವಿಮಾನಗಳ ಅಧ್ಯಾಯ ಮಾತ್ರ ಮುಗಿಯಲೇ ಇಲ್ಲ. ಬರೆಸುವರು, ಅಳಿಸುವರು. "ನಾ ಮಾಡಿದ್ದು ಸರಿನೋ ತಪ್ಪೋ, ಇವತ್ತಿಗೂ ಗೊತ್ತಿಲ್ಲೋ," ಅನ್ನುವರು. ಅಂಥದೇ ಒಂದು ಸಂಜೆ ಚೋರನೂರಿನ ಒಬ್ಬ ತಾಯಿ ಮಗನ ಲಗ್ನಪತ್ರಿಕೆ ಮಾಡಿಸಲು ಬಂದರು. ಮಗ ವಾಯುಸೇನೆಯಲ್ಲಿ ಪೈಲಟ್. ಕುರ್ಚಿಯಲ್ಲಿದ್ದವರು ಯಾರೆಂದು ನಾನು ಹೇಳಿದ್ದೇ ತಡ, ಆಕೆ ಸೆರಗು ಸರಿಮಾಡಿಕೊಂಡು ಕೈಮುಗಿದರು.

"ನಮ್ಮ ಹುಡುಗ ನಿಮ್ಮ ಕೈಕೆಳಗ ಇದ್ದನ್ರಿ. ಹಾರಲಿಕ್ಕ ಬಿಡಲಿಲ್ಲಂತ ನಿಮ್ಮನ್ನ ಬೈಕೋಂತ ರಜಾಕ್ಕ ಬಂದ. ಬೈಲಿ ಬಿಡು, ಬೈಯಾಕ ಮಗ ಉಳದಾನಲ್ಲ ಅಂದೆ."

ಸಾಹೇಬರ ಕಣ್ಣು ತುಂಬಿದವು. ಎದ್ದು ನಿಂತು ತಾವೂ ಕೈಮುಗಿದರು.

"ಮದಿವಿಗೆ ನೀವು ಬರಲೇಬೇಕ್ರಿ," ಅಂದರು ಆಕೆ.

"ಬರ್ತೀನವ್ವ, ಖಂಡಿತ ಬರ್ತೀನಿ."

ಆಕೆ ಬಾಗಿಲ ತನಕ ಹೋದವರು ತಿರುಗಿ ನಿಂತು, ಧ್ವನಿ ತಗ್ಗಿಸಿ ಹೇಳಿದರು:

"ಒಂದ ಮಾತ್ರೀ ಸಾಹೇಬ್ರ. ತಾಳಿ ಕಟ್ಟೋ ಹೊತ್ನಾಗ ಎದ್ದು ನಿಂತು, 'ತಡೀರಿ, ಮೊದಲ ಎಲ್ಲಾ ಚೆಕ್ ಆಗ್ಲಿ' ಅನಬ್ಯಾಡ್ರಿ. ಭಾಳ ಹುಡುಕಿದ ಮ್ಯಾಲ ಒಂದು ಹೆಣ್ಣು ಸಿಕ್ಕೈತಿ!"